ಎಡಗೈ ಕ್ಯಾಮೆರಾ

ಹುಡುಗ ಹೆಣ್ಣನ್ನು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಷೋಕೇಸನ್ನೇ ನೋಡಿದ ಅನ್ನುವುದು ಮುನಿಯಮ್ಮನ ತಕರಾರಾಗಿತ್ತು. ತಕರಾರಿನಲ್ಲಿ ಸುಳ್ಳಿರಲಿಲ್ಲ. ಕೂಟಗಲ್ಲಿನ ಅನಂತರಾಜುವಿನ ನಡುಮನೆಯಲ್ಲಿ ಅವತ್ತು ಚನ್ನಪಟ್ಟಣದ ನೆಂಟರು ಸಾಲಾಗಿ ಕೂತು, ಉಪ್ಪಿಟ್ಟು ಕೇಸರಿಬಾತು ಮುಗಿಸಿ, ಕೈ ಒರೆಸಿಕೊಂಡು, ಇನ್ನೇನು ಮಾತಾಡುವುದು ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಅನಂತರಾಜುವಿನ ಮಗಳು ಭಾನುಪ್ರಿಯ ಕಾಫಿ ಕೊಟ್ಟು ಅಜ್ಜಿ ಮುನಿಯಮ್ಮನ ಪಕ್ಕ ತಲೆ ತಗ್ಗಿಸಿ ಕೂತಿದ್ದಳು. ಹುಡುಗ ಯೋಗಾನಂದ ಹಾರೋಹಳ್ಳಿಯ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಅಲ್ಲಿ ಎಷ್ಟೋ ಜನರನ್ನು ಗದರುತ್ತಾನಂತೆ, ಇಲ್ಲಿ ಮಾತ್ರ ಬಾಯಿ ಒಣಗಿ ಹೋಗಿತ್ತು. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಎಂದು ಗೊತ್ತಾದಾಗ ಅವನು ಕತ್ತೆತ್ತಿ ಷೋಕೇಸಿನ ಕಡೆ ನೋಡಿದ.

"ಅದೇನು, ಕ್ಯಾಮೆರಾನಾ?"

"ಹೂಂ ಕಣಪ್ಪ. ಹಳೇದು," ಎಂದ ಅನಂತರಾಜು.

ಅಷ್ಟರಲ್ಲಿ ಅನಂತರಾಜುವಿನ ತಮ್ಮ ಮನೋಹರ್ ಎದ್ದು ಗಾಜು ಸರಿಸಿ ಅದನ್ನು ಹುಡುಗನ ಕೈಗೇ ಕೊಟ್ಟುಬಿಟ್ಟ. ಮನೋಹರ್ ರಾಮನಗರದಲ್ಲಿ ಮನೆ ಮಾಡಿಕೊಂಡು ಹಾರೋಹಳ್ಳಿಯ ಕಾರ್ಖಾನೆಗಳಿಗೆ ವ್ಯಾನ್ ಓಡಿಸುವವನು. ಈ ಸಂಬಂಧ ತಂದವನೇ ಅವನು. ಹಾಗಾಗಿ ಅವತ್ತು ಮನೆಯಲ್ಲಿ ಅವನದೇ ದರ್ಬಾರು.

ಅದು ನಾವೆಲ್ಲ ನೋಡಿದಂಥ ಕ್ಯಾಮೆರಾ ಅಲ್ಲ. ಅಡ್ಡಕ್ಕಿಂತ ಉದ್ದ ಹೆಚ್ಚು. ಮುಂದೆ ದಪ್ಪ ಮಸೂರ, ಪಕ್ಕದಲ್ಲಿ ಕೈ ತೂರಿಸುವುದಕ್ಕೆ ಒಂದು ಪಟ್ಟಿ. ಮದುವೆ ಮನೆಯಲ್ಲಿ ವೀಡಿಯೊದವರು ಹಿಡಿಯುತ್ತಾರಲ್ಲ, ಅದರ ಮರಿ ಎನ್ನಬಹುದು. ಆದರೆ ಒಳಗೆ ಹಾಕುವುದು ರೋಲು. ಮೇಲಿನ ಗುಂಡಿ ಒತ್ತಿದರೆ ಮಸೂರ ಗುಂಯ್ ಎಂದು ಹೊರಗೆ ಬಂದು ದೂರದ ಗುಡ್ಡವನ್ನು ಹತ್ತಿರಕ್ಕೆ ಎಳೆಯುತ್ತದೆ. ಯೋಗಾನಂದ ಅದನ್ನು ಬಲಗೈಯಲ್ಲಿ ಹಿಡಿದು ಅತ್ತ ತಿರುಗಿಸಿದ, ಇತ್ತ ತಿರುಗಿಸಿದ. ಬೆರಳು ಎಲ್ಲಿಡಬೇಕು ಎಂದು ಗೊತ್ತಾಗಲಿಲ್ಲ.

"ತುಂಬ ಚೆನ್ನಾಗಿದೆ. ಇಂಥದ್ದು ನಾನು ನೋಡೇ ಇಲ್ಲ," ಎಂದ. ಸ್ವಲ್ಪ ಹೊತ್ತು ಬಿಟ್ಟು, ಬೇರೆ ಮಾತು ಸಿಗದೆ, "ನಿಜವಾಗ್ಲೂ ಚೆನ್ನಾಗಿದೆ," ಎಂದು ಇನ್ನೊಂದು ಸಲ ಅಂದ.

ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನಿಂತಿದ್ದ ಲತಾಮಣಿಗೆ ಖುಷಿಯಾಯಿತು. ಅವಳು ಅನಂತರಾಜುವಿನ ಹೆಂಡತಿ, ಭಾನುಪ್ರಿಯಳ ತಾಯಿ. ಕ್ಯಾಮೆರಾ ಅವಳದು. ಈ ಮನೆಗೆ ಬಂದಾಗಿನಿಂದ ಅದನ್ನು ಚೆನ್ನಾಗಿದೆ ಎಂದವರನ್ನು ಅವಳು ಅವತ್ತೇ ಮೊದಲು ಕಂಡದ್ದು. ಹುಡುಗ ಒಳ್ಳೆಯವನು ಎಂದು ಅವಳು ಅಲ್ಲೇ ತೀರ್ಮಾನ ಮಾಡಿಕೊಂಡಳು.

ನೆಂಟರು ಹೋದ ಮೇಲೆ ಊಟಕ್ಕೆ ಕೂತರು. ಅವರೆಕಾಯಿಯ ಕಾಲ. ಸಾರಿನ ಪರಿಮಳಕ್ಕೆ ಮನೋಹರ್ ಎರಡನೇ ಮುದ್ದೆಗೆ ಕೈ ಹಾಕಿದ. ಮುದ್ದೆ ಕಟ್ಟಿದವಳು ಲತಾಮಣಿ, ಬಡಿಸುತ್ತಿದ್ದವಳು ಮುನಿಯಮ್ಮ. ಆ ಮನೆಯಲ್ಲಿ ಅದೇ ಪದ್ಧತಿ. ಲತಾಮಣಿ ಎಡಗೈಯವಳು. ಅವಳು ಸೌಟು ಹಿಡಿದರೆ ಎಡಗೈ ತಾನಾಗಿ ಮುಂದೆ ಬರುತ್ತದೆ, ಬಲಗೈಯಲ್ಲಿ ಹಿಡಿದರೆ ಸಾರು ತಟ್ಟೆಯ ಹೊರಗೆ ಬೀಳುತ್ತದೆ. "ಎಡಗೈ ಅನ್ನ ಸತ್ತೋರಿಗೆ" ಎಂದು ಅತ್ತೆ ಮದುವೆಯಾದ ಹೊಸದರಲ್ಲೇ ಸೌಟು ಕಿತ್ತುಕೊಂಡಿದ್ದಳು, ಮತ್ತೆ ಕೊಟ್ಟಿರಲಿಲ್ಲ.

"ಅಣ್ಣ, ಒಂದ್ ಮಾತು," ಎಂದ ಮನೋಹರ್. "ಆ ಕ್ಯಾಮೆರಾನ ವೀಳ್ಯಶಾಸ್ತ್ರದ ದಿನ ಹುಡುಗನಿಗೆ ಕೊಟ್ಬುಡಾಣ."

"ಯಾಕ್ಲಾ? ಅವ್ನು ಕೇಳುದ್ನಾ?"

"ನೀನೊಳ್ಳೆ. ದೊಡ್ ಮನುಸ್ರು ಬೇಕು ಅಂತಾರಾ? ಚೆನ್ನಾಗೈತೆ ಅಂತಾರೆ. ಎರಡ್ ಸಲ ಅಂದ ಕಣಣ್ಣ. ಒಂದ್ ಸಲ ಅಂದಿದ್ರೆ ಬಾಯ್ಮಾತು ಅನ್ಬೋದಿತ್ತು."

ಅನಂತರಾಜು ಮುದ್ದೆ ಮುರಿಯುವುದನ್ನು ನಿಲ್ಲಿಸಿ ಯೋಚಿಸಿದ. "ಅದೂ ನಿಜ. ಅವ್ರಮ್ಮಾನೂ ಆಗ ನನ್ ಮುಖಾನೇ ನೋಡುದ್ರು."

"ಮತ್ತೆ? ಬೈಕ್ ಕೇಳ್ಲಿಲ್ಲ, ಚಿನ್ನ ಕೇಳ್ಲಿಲ್ಲ. ಮೂಲೇಲಿ ಧೂಳು ಹಿಡ್ಕಂಡಿರೋ ಒಂದು ಹಳೇ ಡಬ್ಬಕ್ಕೆ ಆಸೆ ಪಟ್ಟವ್ನೆ. ಪುಣ್ಯ ಮಾಡಿದ್ವಿ."

"ಅದು ಧೂಳು ಹಿಡ್ದಿಲ್ಲ. ನಾನು ದಿನಾ ಒರೆಸ್ತೀನಿ," ಎಂದಳು ಲತಾಮಣಿ ಬಾಗಿಲಿನಿಂದ.

ಯಾರೂ ಅತ್ತ ತಿರುಗಲಿಲ್ಲ. ಮುನಿಯಮ್ಮ ಸಾರು ಹುಯ್ಯುತ್ತಾ, "ಕೊಟ್ಬುಡ್ರಿ ಅತ್ಲಾಗೆ. ಅದನ್ನ ಹಿಡ್ಕಂಡಾಗೆಲ್ಲ ಇವ್ಳ ಎಡಗೈ ಊರಿಗೆಲ್ಲ ಕಾಣ್ಸುತ್ತೆ," ಎಂದಳು.

"ಅತ್ತೆ, ಅದು ನಮ್ಮಪ್ಪ ಕೊಟ್ಟಿದ್ದು."

"ನಿಮ್ಮಪ್ಪ ಮಗಳಿಗೆ ಕೊಟ್ಟ. ನೀನು ನಿನ್ ಮಗಳಿಗೆ ಕೊಡು. ಅದ್ರಲ್ಲಿ ತಪ್ಪೇನೈತೆ?"

ಲತಾಮಣಿ ಮಗಳ ಮುಖ ನೋಡಿದಳು. ಭಾನುಪ್ರಿಯ ತಟ್ಟೆಯಲ್ಲಿದ್ದ ಅವರೆಕಾಳನ್ನು ಒಂದೊಂದಾಗಿ ಪಕ್ಕಕ್ಕೆ ಸರಿಸುತ್ತಿದ್ದಳು. ಅಷ್ಟಕ್ಕೆ ಕ್ಯಾಮೆರಾದ ವಿಷಯ ಮುಗಿಯಿತು, ಛತ್ರದ ಮಾತು ಶುರುವಾಯಿತು.

ಅದು ಅವಳ ಕೈಗೆ ಬಂದ ಬಗೆಯನ್ನು ಇಲ್ಲಿ ಹೇಳಿಬಿಡಬೇಕು. ಲತಾಮಣಿಯ ಅಪ್ಪ ಕರಿಯಪ್ಪ ಮಾಗಡಿಯಲ್ಲಿ ಫೋಟೋ ಸ್ಟುಡಿಯೊ ಇಟ್ಟಿದ್ದವನು. ಹಳೆಯ ಸಾಮಾನು ಹುಡುಕಿಕೊಂಡು ಬೆಂಗಳೂರಿನ ಭಾನುವಾರದ ಸಂತೆಗೆ ಹೋಗುತ್ತಿದ್ದ. ಅಲ್ಲಿ ಒಬ್ಬ ವ್ಯಾಪಾರಿ ಈ ಕ್ಯಾಮೆರಾವನ್ನು ಮೂಲೆಗೆ ಎಸೆದು, ಬಟನ್ನು ತಪ್ಪು ಕಡೆ ಇದೆ, ಫ್ಯಾಕ್ಟರಿಯಲ್ಲೇ ಕೆಟ್ಟು ಬಂದ ಪೀಸು ಎಂದು ಹೇಳಿದನಂತೆ. ಕರಿಯಪ್ಪ ಕೈಗೆ ತೆಗೆದುಕೊಂಡು ನೋಡಿದ. ಕೆಟ್ಟಿರಲಿಲ್ಲ. ಅದನ್ನು ಮಾಡಿದ್ದೇ ಎಡಗೈಗೆ. ಎಡಗೈಯನ್ನು ಪಟ್ಟಿಯೊಳಗೆ ತೂರಿಸಿದರೆ ತೋರುಬೆರಳು ಸರಿಯಾಗಿ ಗುಂಡಿಯ ಮೇಲೆ ಬಂದು ಕೂರುತ್ತಿತ್ತು.

ಲತಾಮಣಿ ಆಗ ಹೈಸ್ಕೂಲಿಗೆ ಹೋಗುತ್ತಿದ್ದಳು. ಎಡಗೈಯಲ್ಲಿ ಬರೆದಳೆಂದು ಮೇಷ್ಟ್ರು ಸ್ಕೇಲಿನಿಂದ ಹೊಡೆದಿದ್ದರು, ಗೆಣ್ಣು ಊದಿಸಿಕೊಂಡು ಬಂದಿದ್ದಳು. ಕರಿಯಪ್ಪ ಚೀಲದಿಂದ ಇದನ್ನು ತೆಗೆದು ಆ ಊದಿದ ಕೈಗೇ ತೊಡಿಸಿದ. "ನೋಡವ್ವ, ಜಪಾನ್‌ನಲ್ಲಿ ಯಾರೋ ಒಬ್ಬ ನಿನ್ ಕೈ ಅಳತೆ ಇಟ್ಕಂಡು ಮಾಡವ್ನೆ. ನಿನ್ ಕೈಲಿ ತಪ್ಪಿಲ್ಲ ಕಣವ್ವ. ಇಷ್ಟು ದಿನ ಅದಕ್ಕೆ ತಕ್ಕ ಸಾಮಾನು ಸಿಕ್ಕಿರ್ಲಿಲ್ಲ ಅಷ್ಟೆ," ಎಂದ. ಮರುದಿನ ಅಪ್ಪ ಮಗಳು ಸಾವನದುರ್ಗಕ್ಕೆ ಹೋಗಿ ಬಂಡೆ ಹತ್ತುವವರನ್ನೆಲ್ಲ ಕೆಳಗಿನಿಂದ ಹತ್ತಿರಕ್ಕೆ ಎಳೆದು ಎಳೆದು ತೆಗೆದರು. ಕರಿಯಪ್ಪ ಈಗಿಲ್ಲ. ಸ್ಟುಡಿಯೊ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ.

ಗಂಡನ ಮನೆಯಲ್ಲಿ ಎಲ್ಲವೂ ಬಲಗೈಯವರದು. ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಕುಡುಗೋಲಿನ ಹಲ್ಲು ಕೂಡ ಬಲಗೈಯವರಿಗೆ ಒಗ್ಗುವಂತೆ ಇರುತ್ತದೆ ಎಂದರೆ ಬಲಗೈಯವರು ನಂಬುವುದಿಲ್ಲ. ಎಡಗೈಯವರನ್ನು ಕೇಳಬೇಕು. ಲತಾಮಣಿ ಹೇಗೋ ಹೊಂದಿಕೊಂಡಳು. ಸೊಪ್ಪು ಕೊಯ್ದಳು, ರೇಷ್ಮೆ ಹುಳ ಸಾಕಿದಳು, ಹಾಲು ಕರೆದಳು. ಡೈರಿಗೆ ಹಾಕುವ ಹಾಲಿನ ದುಡ್ಡಿನಲ್ಲಿ ಉಳಿಸಿಕೊಂಡು ಯಾವಾಗಲೋ ಒಮ್ಮೆ ರೋಲು ತರಿಸುತ್ತಿದ್ದಳು. ಆ ಕ್ಯಾಮೆರಾದಲ್ಲಿ ಒಂದು ಚಿತ್ರದ ಜಾಗಕ್ಕೆ ಎರಡು ಸಣ್ಣ ಚಿತ್ರ ಬೀಳುವುದರಿಂದ ಒಂದೇ ರೋಲಿಗೆ ಎರಡರಷ್ಟು ಫೋಟೋ ಬರುತ್ತಿದ್ದವು, ಬಹಳ ದಿನ ಬಾಳುತ್ತಿತ್ತು. ಮಗಳು ತೆವಳಿದ್ದು, ಹಲ್ಲು ಬಿದ್ದದ್ದು, ಯೂನಿಫಾರ್ಮ್ ಹಾಕಿದ್ದು ಎಲ್ಲವನ್ನೂ ಎಡಗೈಯಲ್ಲೇ ತೆಗೆದಿದ್ದಳು. ಇಡೀ ದಿನದಲ್ಲಿ ಅವಳು ಎಡಗೈಯನ್ನು ಮುಚ್ಚಿಡದೆ ಮುಂದಕ್ಕೆ ಚಾಚುತ್ತಿದ್ದದ್ದು ಆ ಕ್ಯಾಮೆರಾಕ್ಕೆ ಮಾತ್ರ.

ಇದೆಲ್ಲ ಅವಳು ಯಾರಿಗೂ ಹೇಳಿರಲಿಲ್ಲ. ಹೇಳುವಂಥದ್ದು ಎಂದು ಅನ್ನಿಸಿರಲಿಲ್ಲ.

ಒಂದು ವಾರ ಬಿಟ್ಟು ಸೊಪ್ಪಿನ ಹೊರೆ ಇಳಿಸುವಾಗ ಗಂಡನ ಹತ್ತಿರ ಮಾತು ತೆಗೆದಳು.

"ನೋಡಿ, ಕ್ಯಾಮೆರಾ ಬದಲು ಬೇರೆ ಏನಾದ್ರೂ ಕೊಟ್ರೆ ಆಗಲ್ವಾ? ಒಂದು ವಾಚು ತಕ್ಕೊಡಾಣ."

"ಅವ್ನು ವಾಚ್ ನೋಡಿ ಚೆನ್ನಾಗೈತೆ ಅಂದ್ನಾ?"

"ಅವ್ರ ಕೈಗೆ ಅದು ಹಿಡಿಯೋದೂ ಇಲ್ಲ. ಅದು ಎಡಗೈಯೋರ್ದು."

"ಷೋಕೇಸ್‌ನಲ್ಲಿ ಇಟ್ಕತಾನೆ ಬುಡು. ಇಲ್ಲೂ ಅದು ಅಲ್ಲೇ ಅಲ್ವಾ ಇದ್ದಿದ್ದು?" ಅನಂತರಾಜು ಕೆಟ್ಟವನಲ್ಲ. ಹೆಂಡತಿಯ ಮೇಲೆ ಒಂದು ದಿನವೂ ಕೈ ಎತ್ತಿದವನಲ್ಲ. ಗೂಡಿನ ರೇಟು ಬಿದ್ದಾಗ ತಾನು ಕಡಿಮೆ ತಿಂದು ಅವಳಿಗೆ ಬಡಿಸು ಎಂದವನು. ಆದರೆ ಅವಳ ಮುಖ ನೋಡಿ ಮಾತಾಡುವ ಅಭ್ಯಾಸ ಅವನಿಗೆ ಎಂದೋ ತಪ್ಪಿಹೋಗಿತ್ತು. "ಮಗಳ ಮದುವೆಗಿಂತ ಹೆಚ್ಚಾ ಅದು ನಿಂಗೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹುಳುವಿನ ಮನೆಯೊಳಕ್ಕೆ ಹೋದ.

ಮಗಳ ಹತ್ತಿರ ಕೇಳುವುದಕ್ಕೆ ಅವಳು ಇನ್ನೂ ಕೆಲವು ದಿನ ತೆಗೆದುಕೊಂಡಳು. ಭಾನುಪ್ರಿಯ ರಾಮನಗರದ ಒಂದು ಆಫೀಸಿಗೆ ಲೆಕ್ಕ ಬರೆಯಲು ಹೋಗುತ್ತಿದ್ದಳು. ಸಂಜೆ ಬಂದ ಮೇಲೆ ಫೋನು ಹಿಡಿದು ಹಿತ್ತಿಲಿಗೆ ಹೋದರೆ ಅವಳನ್ನು ಮಾತಾಡಿಸುವುದೇ ಕಷ್ಟ. ಯೋಗಾನಂದನ ಜೊತೆ ಮಾತು ಅಷ್ಟು ಹೊತ್ತಿಗೆ ಶುರುವಾಗಿತ್ತು. ಲತಾಮಣಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಸುಮ್ಮನೆ ಹೋಗಿ ನಿಂತಳು.

"ಏನಮ್ಮ?"

"ಏನಿಲ್ಲ. ಕ್ಯಾಮೆರಾ ವಿಷ್ಯ."

"ಅಯ್ಯೋ ಅಮ್ಮ, ನಾನೇನ್ ಹೇಳ್ಲಿ? ಈಗ ಬಾಯಿ ಬಿಟ್ರೆ ಅಪ್ಪ, ಚಿಕ್ಕಪ್ಪ ಇಬ್ರೂ ನನ್ ಮೇಲೆ ಎಗರಾಡ್ತಾರೆ. ಕೊಡಿ ಅಂದ್ರೆ ಆಗ್ಲೇ ಗಂಡಿನ ಮನೆ ಕಡೆ ಸೇರ್ಕಂಡ್ಳು ಅಂತಾರೆ, ಕೊಡ್ಬೇಡಿ ಅಂದ್ರೆ ಸಂಬಂಧ ಕೆಡಿಸ್ತಾಳೆ ಅಂತಾರೆ." ಭಾನುಪ್ರಿಯ ತಾಯಿಯ ಮುಖ ನೋಡಿ ಸ್ವಲ್ಪ ಮೆತ್ತಗಾದಳು. "ನನ್ ಹಳೇ ಫೋನ್ ನಿಂಗೆ ಕೊಡ್ತೀನಿ. ಅದ್ರಲ್ಲಿ ಇನ್ನೂ ಚೆನ್ನಾಗಿ ಬರುತ್ತೆ. ರೋಲೂ ಬೇಡ, ತೊಳ್ಸೋದೂ ಬೇಡ."

"ಹೂಂ," ಎಂದಳು ಲತಾಮಣಿ.

ಮಗಳು ಬೇರೆ ಏನಾದರೂ ಅಂದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ತಾನು ಯಾರ ಹಲ್ಲು, ಯಾರ ಜಡೆ, ಯಾರ ಪುಟ್ಟ ಚಪ್ಪಲಿ ಹುಡುಕಿ ಹುಡುಕಿ ತೆಗೆದಿದ್ದಳೋ ಅವಳೇ ಹೀಗಂದದ್ದು ಎದೆಗೆ ನಾಟಿತು. ಅವತ್ತು ಸಾರಿಗೆ ಉಪ್ಪು ಎರಡು ಸಲ ಬಿತ್ತು. ಮುನಿಯಮ್ಮ ಊಟದುದ್ದಕ್ಕೂ ಅದನ್ನೇ ಆಡಿದಳು.

ವೀಳ್ಯಶಾಸ್ತ್ರದ ಹಿಂದಿನ ದಿನ ಕ್ಯಾಮೆರಾದಲ್ಲಿ ಇನ್ನೂ ಒಂದಿಷ್ಟು ರೋಲು ಉಳಿದಿತ್ತು. ಕೊಡುವ ಮೊದಲು ಮುಗಿಸಿಬಿಡೋಣ ಎಂದು ಲತಾಮಣಿ ಅದನ್ನು ಎಡಗೈಗೆ ತೊಟ್ಟು ಮನೆಯೆಲ್ಲ ಓಡಾಡಿದಳು. ಒಲೆ ತೆಗೆದಳು. ಹುಳುವಿನ ತಟ್ಟೆ, ಕೊಟ್ಟಿಗೆಯ ಕರು, ಬಾಗಿಲಲ್ಲಿ ಬಿಟ್ಟಿದ್ದ ಗಂಡನ ಚಪ್ಪಲಿ ತೆಗೆದಳು. ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದ ಅತ್ತೆಯ ಕಡೆ ತಿರುಗಿದಾಗ ಮುನಿಯಮ್ಮ ಕೈ ಅಡ್ಡ ಹಿಡಿದಳು.

"ಸಾಯೋ ಮುದುಕೀದ್ ಯಾಕೇ ತೆಗೀತೀಯ?" ಎಂದವಳೇ, "ತಡಿ ಒಸಿ, ಸೆರಗು ಸರಿ ಮಾಡ್ಕತೀನಿ," ಎಂದಳು. ಸೆರಗು ಹೊದ್ದು, ಕೂದಲಿಗೆ ನೀರು ಸವರಿ, ನೆಟ್ಟಗೆ ಕೂತಳು. ಲತಾಮಣಿ ಕ್ಯಾಮೆರಾ ಎತ್ತಿದಳು.

"ಬಲಗೈಲಿ ಹಿಡ್ಕಳೇ. ಶುಭ ಕಾರ್ಯ ಇರೋ ಮನೆ."

"ಬಲಗೈಲಿ ಇದು ಬರಲ್ಲ ಅತ್ತೆ."

"ಅದೂ ನಿನ್ನಂಗೇ ಹಟಮಾರಿ," ಎಂದಳು ಮುನಿಯಮ್ಮ. ಆಮೇಲೆ ಇದ್ದಕ್ಕಿದ್ದಂತೆ, "ಒಂದ್ಸಲ ನಂಗೂ ಕೊಡು, ಅದ್ರೊಳಗೆ ಏನ್ ಕಾಣುತ್ತೋ ನೋಡಾಣ," ಎಂದು ಕೈ ಚಾಚಿ ಅದರೊಳಗೆ ಕಣ್ಣಿಟ್ಟಳು. ಲತಾಮಣಿ ಗುಂಡಿ ಒತ್ತಿ ಮಸೂರ ಹೊರಗೆ ತಂದಳು. ರಸ್ತೆಯಾಚೆಯ ಹುಣಸೇಮರ ಗುಂಯ್ ಎಂದು ಹತ್ತಿರ ಬಂದಾಗ ಮುದುಕಿ ಹೆದರಿ, ನಕ್ಕು, "ಅಯ್ಯೋ ನಿನ್ ಮನೆ ಕಾಯೋಗ! ಇಷ್ಟು ದಿನ ಯಾಕೆ ತೋರುಸ್ಲಿಲ್ಲ?" ಎಂದಳು. ಅತ್ತೆ ಸೊಸೆ ಇಬ್ಬರೂ ನಕ್ಕರು. ಇದು ಇನ್ನೊಂದು ದಿನ ಮೊದಲು ಆಗಿದ್ದರೆ ಎಂದು ಲತಾಮಣಿಗೆ ಅನ್ನಿಸಿತು. ಬಾಯಿ ತೆರೆಯಬೇಕೆಂದುಕೊಂಡಳು. ಅಷ್ಟರಲ್ಲಿ ಮುನಿಯಮ್ಮ ಕ್ಯಾಮೆರಾ ಹಿಂದಕ್ಕೆ ಕೊಟ್ಟು, "ಚೆನ್ನಾಗಿ ಒರೆಸಿ ಅರಿಸಿನ ಕುಂಕುಮ ಹಚ್ಚು. ಕೊಡೋ ಸಾಮಾನು ಲಕ್ಷಣವಾಗಿರ್ಬೇಕು," ಎಂದಳು.

ರೋಲು ಮುಗಿದು, ಕ್ಯಾಮೆರಾ ತಾನಾಗಿ ಅದನ್ನು ಸುತ್ತಿಕೊಂಡು ಸುಮ್ಮನಾಯಿತು.

ಶಾಸ್ತ್ರ ರಾಮನಗರದ ಒಂದು ಸಣ್ಣ ಛತ್ರದಲ್ಲಿ ನಡೆಯಿತು. ಹರಿವಾಣದಲ್ಲಿ ಎಲೆ ಅಡಿಕೆ, ತೆಂಗಿನಕಾಯಿ, ಪಂಚೆ ಶರ್ಟು, ಅದರ ಮೇಲೆ ಕುಂಕುಮ ಹಚ್ಚಿಸಿಕೊಂಡ ಕ್ಯಾಮೆರಾ. ಪುರೋಹಿತರು ಒಂದು ಗಳಿಗೆ ಅದನ್ನೇ ನೋಡಿ, ಇದಕ್ಕೆ ಯಾವ ಮಂತ್ರ ಎಂದು ತಿಳಿಯದೆ ಅಕ್ಷತೆ ಹಾಕಿ ಮುಂದಕ್ಕೆ ಹೋದರು. ಅನಂತರಾಜು ಹರಿವಾಣ ಎತ್ತಿಕೊಟ್ಟ. ಹೆಂಡತಿ ಮುಟ್ಟಬೇಕು ಎಂದರು. ಲತಾಮಣಿ ಬಲಗೈ ಮುಟ್ಟಿಸಿದಳು.

ಯೋಗಾನಂದ ಬೆಪ್ಪಾಗಿ ಹೋದ. "ಇದು... ಇದ್ಯಾಕೆ?" ಎಂದ.

"ತಗೊಳ್ಳಿ ಅಳಿಯಂದ್ರೆ, ನಿಮ್ ಮನಸ್ನಲ್ಲಿ ಇದ್ದಿದ್ದು ನಮಗೆ ಗೊತ್ತಾಗಲ್ವಾ?" ಎಂದು ಮನೋಹರ್ ಕಣ್ಣು ಹೊಡೆದ. ಯಾರೋ ಫೋಟೋ ತೆಗೀರಿ ಅಂದರು. ಹುಡುಗ ಬಲಗೈಯಲ್ಲಿ ತಲೆಕೆಳಗಾಗಿ ಹಿಡಿದ ಕ್ಯಾಮೆರಾ ನೋಡಿ ಎಲ್ಲರೂ ನಕ್ಕರು. ಊಟದ ಪಂಕ್ತಿಯಲ್ಲಿ ಹುಡುಗನ ತಾಯಿ ಮಮತಾ ಪಕ್ಕದವರಿಗೆ ಮೆಲ್ಲಗೆ ಹೇಳಿದ್ದು ಲತಾಮಣಿಯ ಕಿವಿಗೆ ಬಿತ್ತು: "ವೀಳ್ಯದಲ್ಲಿ ಯಾರಾದ್ರೂ ಬಳಸಿದ ಸಾಮಾನು ಕೊಡ್ತಾರಾ? ಹೋಗ್ಲಿ ಬಿಡಿ, ಅವರ ಪದ್ಧತಿ ಏನೋ."

ಹೀಗೆ ಕೊಟ್ಟವರಿಗೆ ಸಮಾಧಾನ ಸಿಕ್ಕಿದ್ದು ಬಿಟ್ಟರೆ ತಗೊಂಡವರಿಗೂ ಸಂತೋಷವಿರಲಿಲ್ಲ, ಕಳೆದುಕೊಂಡವಳಿಗೂ ಇರಲಿಲ್ಲ. ಲತಾಮಣಿ ಅವತ್ತು ಒಬ್ಬಟ್ಟು ತಿನ್ನದೆ ಕೈ ತೊಳೆದಳು.

ಷೋಕೇಸಿನ ಖಾಲಿ ಜಾಗದಲ್ಲಿ ಮುನಿಯಮ್ಮ ಪ್ಲಾಸ್ಟಿಕ್ ಹೂವಿನ ಕುಂಡ ಇಟ್ಟಳು. ಬೆಳಿಗ್ಗೆ ಕಸ ಗುಡಿಸಿ ಷೋಕೇಸು ಒರೆಸುವಾಗ ಲತಾಮಣಿಯ ಬಟ್ಟೆ ಆ ಕುಂಡದ ಹತ್ತಿರ ಬಂದು ನಿಲ್ಲುತ್ತಿತ್ತು. ಮಗಳು ಕೊಟ್ಟ ಹಳೆಯ ಫೋನಿನಲ್ಲಿ ಒಂದು ದಿನ ಕರುವಿನ ಚಿತ್ರ ತೆಗೆದಳು. ಚೆನ್ನಾಗಿಯೇ ಬಂತು. ಆದರೆ ಫೋನಿಗೆ ಎಡಗೈ ಬಲಗೈ ಎಂಬ ಭೇದವಿರಲಿಲ್ಲ, ಯಾರ ಕೈಯಾದರೂ ಅದಕ್ಕೆ ಒಂದೇ. ಮತ್ತೆ ತೆಗೆಯಲಿಲ್ಲ. ಮನೆಯಲ್ಲಿ ಮದುವೆಯ ಗಡಿಬಿಡಿ, ಜನ, ಮಾತು ಎಲ್ಲ ಇತ್ತು. ಆ ಗದ್ದಲದ ನಡುವೆಯೇ ಅವಳು ಒಂಟಿಯಾಗಿದ್ದಳು. ಗಂಡ ಏನಾದರೂ ಕೇಳಿದರೆ ಉತ್ತರ ಹೇಳುತ್ತಿದ್ದಳು, ತಾನಾಗಿ ಮಾತಾಡುವುದನ್ನು ಬಿಟ್ಟಳು. ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ಅದೇ ಅವಳಿಗೆ ಹೆಚ್ಚು ನೋವು.

ಒಂದು ಭಾನುವಾರ, ಯುಗಾದಿ ಹತ್ತಿರ ಬಂದಿದ್ದಾಗ, ಯೋಗಾನಂದ ಯಾವ ಸುದ್ದಿಯನ್ನೂ ಕೊಡದೆ ಬೈಕಿನಲ್ಲಿ ಬಂದ. ಭಾವಿ ಅಳಿಯ ಹೀಗೆ ಒಬ್ಬನೇ ಬರುವ ಪದ್ಧತಿ ಇಲ್ಲ. ಭಾನುಪ್ರಿಯ ಅಡುಗೆಮನೆಗೆ ಓಡಿದಳು. ಮುನಿಯಮ್ಮ ಚಾಪೆ ಹಾಸಿದಳು. ಅನಂತರಾಜು ತೋಟದಿಂದ ಮಣ್ಣುಗಾಲಲ್ಲೇ ಬಂದ. ಯೋಗಾನಂದ ನೀರು ಕುಡಿದು, ಹೆಗಲ ಚೀಲದಿಂದ ಕ್ಯಾಮೆರಾ ತೆಗೆದು ಟೀಪಾಯಿಯ ಮೇಲೆ ಇಟ್ಟ.

"ಇದನ್ನ ವಾಪಸ್ ಕೊಡೋಣ ಅಂತ ಬಂದೆ," ಎಂದ.

ಮುನಿಯಮ್ಮ ಗೋಡೆಗೆ ಒರಗಿ ಕುಸಿದಳು. "ಅಯ್ಯೋ ನನ್ನಪ್ಪ, ನಾವೇನ್ ತಪ್ ಮಾಡುದ್ವಿ? ವೀಳ್ಯ ವಾಪಸ್ ಬಂತಲ್ಲಪ್ಪ ಮನೆಗೆ!"

"ಅಜ್ಜಿ, ಹಂಗಲ್ಲ..."

"ಹೆಂಗಾದ್ರೂ ಇರ್ಲಿ," ಎಂದು ಅನಂತರಾಜು ಕೈ ಮುಗಿದ. "ನಮ್ ಕಡೆಯಿಂದ ಏನಾದ್ರೂ ಕಮ್ಮಿ ಆಗಿದ್ರೆ ಹೇಳಿ. ನಿಮ್ಮಮ್ಮ ಏನಾದ್ರೂ ಅಂದ್ರಾ? ಹೊಸ ಕ್ಯಾಮೆರಾ ಬೇಕಾ? ತಕ್ಕೊಡ್ತೀನಿ. ಪತ್ರಿಕೆ ಹಂಚಿದ್ದಾಗೈತೆ ಕಣಪ್ಪ. ಈಗ ಬೇಡ ಅನ್ಬೇಡಿ."

"ಮಾವ, ದಯವಿಟ್ಟು ಕೈ ಇಳಿಸಿ. ಮದುವೆ ಬೇಡ ಅಂತ ಯಾರಂದ್ರು? ಇದು ನನ್ ಕೈಗೆ ಹಿಡಿಯಲ್ಲ ಅಷ್ಟೆ. ಅವತ್ತು ಎಲ್ರೂ ನನ್ನೇ ನೋಡ್ತಿದ್ರಿ, ಏನ್ ಮಾತಾಡೋದು ಅಂತ ತೋಚ್ದೆ ಚೆನ್ನಾಗಿದೆ ಅಂದೆ."

"ಕೊಟ್ಟಿದ್ದು ತಿರುಗಿ ಬಂದ್ರೆ ಊರೋರು ಅದನ್ನ ಕೇಳ್ತಾರಾ?" ಎಂದ ಅನಂತರಾಜು. "ಸಂಬಂಧ ಮುರೀತು ಅಂತಾರೆ. ನೀವು ಬಂದಿದ್ದನ್ನ ಬೀದಿಯೆಲ್ಲ ನೋಡೈತೆ."

ಯೋಗಾನಂದ ಬಾಗಿಲಲ್ಲಿ ನಿಂತಿದ್ದ ಲತಾಮಣಿಯ ಕಡೆ ತಿರುಗಿದ.

"ಅತ್ತೆ, ನೀವೇ ಹೇಳಿ. ಇದು ನಿಮಗೆ ಬೇಕು ಅಲ್ವಾ?"

ಎಲ್ಲರೂ ಅವಳ ಕಡೆ ನೋಡಿದರು. ಆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಅವಳ ಉತ್ತರಕ್ಕೆ ಕಾದದ್ದು ಅದೇ ಮೊದಲು. ಕ್ಯಾಮೆರಾ ಕೈಗೆಟುಕುವಷ್ಟು ಹತ್ತಿರವಿತ್ತು. ಮಸೂರದ ಅಂಚಿನಲ್ಲಿ ಅವತ್ತು ಹಚ್ಚಿದ ಕುಂಕುಮ ಇನ್ನೂ ಸ್ವಲ್ಪ ಉಳಿದಿತ್ತು. ಅನಂತರಾಜು ಮುಗಿದ ಕೈಯನ್ನು ಇಳಿಸಿರಲಿಲ್ಲ, ಮತ್ತು ಅವನು ಈಗ ಅವಳ ಮುಖವನ್ನೇ ನೋಡುತ್ತಿದ್ದ.

"ಬೇಡ ಕಣಪ್ಪ," ಎಂದಳು ಲತಾಮಣಿ.

"ನಿಜವಾಗ್ಲೂ?"

"ನನಗ್ಯಾಕೆ ಈ ವಯಸ್ನಲ್ಲಿ. ಫೋನೈತೆ. ನಿಮ್ಮನೇಲಿ ಇರ್ಲಿ, ಚೆಂದ." ಅವಳು ಮುಂದೆ ಬಂದು ಅದನ್ನು ಎತ್ತಿಕೊಂಡಳು. ಎಡಗೈ ಅಭ್ಯಾಸದಂತೆ ಪಟ್ಟಿಯೊಳಗೆ ಹೋಯಿತು, ಬೆರಳು ಗುಂಡಿಯ ಮೇಲೆ ಕೂತಿತು. ತಕ್ಷಣ ಕೈ ಹೊರಗೆ ತೆಗೆದು, ಎರಡೂ ಕೈಯಿಂದ ಅವನ ಚೀಲದೊಳಕ್ಕೆ ಇಟ್ಟು ಜಿಪ್ ಎಳೆದಳು.

ಅನಂತರಾಜು ಉಸಿರು ಬಿಟ್ಟ. ಮುನಿಯಮ್ಮ ಕಣ್ಣೊರೆಸಿಕೊಂಡು, "ಕೋಳಿ ಕೊಯ್ಯಾಣ, ಉಂಡ್ಕಂಡೋಗು," ಎಂದಳು. ಯೋಗಾನಂದ ಡ್ಯೂಟಿ ಇದೆ ಎಂದು ಕಾಫಿಯಷ್ಟೇ ಕುಡಿದ. ಬಂದಾಗಿನ ಅವನ ಉತ್ಸಾಹ ಇಳಿದಿತ್ತು. ಹೊರಡುವಾಗ ಅಡುಗೆಮನೆಯ ಕಡೆ ಒಮ್ಮೆ ನೋಡಿದ, ಆಮೇಲೆ ಗಾಡಿ ಹತ್ತಿದ.

ಲತಾಮಣಿ ಕಾಫಿ ಲೋಟ ಎತ್ತಿಕೊಂಡು ಒಳಗೆ ಬಂದಾಗ ಭಾನುಪ್ರಿಯ ಒಲೆಯ ಮುಂದೆ ನಿಂತಿದ್ದಳು. ಅವಳ ಕಣ್ಣು ಕೆಂಪಾಗಿತ್ತು.

"ಯಾಕಮ್ಮ ಬೇಡ ಅಂದೆ?"

"ಇನ್ನೇನ್ ಅನ್ಲಿ? ನಿಮ್ಮಪ್ಪ ಕೈ ಮುಗೀತಾ ನಿಂತಿದ್ರು."

"ನಾನೇ ಕಣಮ್ಮ ಅವ್ರಿಗೆ ಹೇಳಿದ್ದು. ಅದು ನಮ್ಮಮ್ಮಂದು, ಅವ್ಳಿಗೆ ಅದು ಬಿಟ್ರೆ ಬೇರೇನೂ ಇಲ್ಲ, ತಂದ್ಕೊಡಿ ಅಂತ. ನನ್ ಹೆಸ್ರು ಹೇಳ್ಬೇಡಿ ಅಂದಿದ್ದೆ. ಎಷ್ಟು ದಿನದಿಂದ ಹೇಳ್ತಿದ್ದೆ ಗೊತ್ತಾ? ಅವ್ರು ಅವ್ರಮ್ಮನ ಹತ್ರ ಜಗಳ ಆಡಿ ತಂದ್ರು."

ಲತಾಮಣಿಯ ಕೈಯಲ್ಲಿದ್ದ ಲೋಟ ಹಾಗೆಯೇ ನಿಂತಿತು. "ನೀನಾ?" ಎಂದಳು. "ನಂಗೆ ಮೊದ್ಲೇ ಒಂದ್ ಮಾತು ಹೇಳ್ಬಾರ್ದಿತ್ತಾ?"

"ನೀನು ಹೇಳಿದ್ಯಾ? ಬೇಕು ಅಂತ ಒಂದ್ ದಿನ ಬಾಯ್ಬಿಟ್ಟು ಯಾರಿಗಾದ್ರೂ ಹೇಳಿದ್ಯಾ? ಧೂಳು ಒರೆಸ್ತೀನಿ ಅಂದೆ, ನಮ್ಮಪ್ಪ ಕೊಟ್ಟಿದ್ದು ಅಂದೆ, ಅಪ್ಪನ ಹತ್ರ ವಾಚು ಕೊಡಾಣ ಅಂದೆ. ಬೇಕು ಅನ್ನೋದೊಂದು ಬಿಟ್ಟು ಎಲ್ಲಾ ಅಂದೆ." ಭಾನುಪ್ರಿಯಳ ದನಿ ಏರಿತು, ಮತ್ತೆ ತಾನೇ ತಗ್ಗಿಸಿದಳು. "ಬೇಕು ಅಂದಿದ್ರೆ ಅವ್ರು ಕೊಟ್ಟೇ ಹೋಗ್ತಿದ್ರು. ಅಪ್ಪ ಒಂದ್ ನಾಕು ದಿನ ಕೂಗಾಡ್ತಿದ್ರು, ಅಷ್ಟೆ ತಾನೆ?"

ಹೊರಗೆ ಗಾಡಿಯ ಸದ್ದು ಬೀದಿಯ ತಿರುವಿನಲ್ಲಿ ಸಣ್ಣಗಾಯಿತು. ಭಾನುಪ್ರಿಯ ತನ್ನ ಫೋನ್ ತೆಗೆದು ನಂಬರ್ ಒತ್ತಿ ತಾಯಿಯ ಕೈಗೆ ತುರುಕಿದಳು.

"ಇನ್ನೂ ಡೈರಿ ಹತ್ರ ಇರ್ತಾರೆ. ಬೇಕು ಅನ್ನು. ನಾನು ಹೇಳಲ್ಲ, ನೀನೇ ಹೇಳು. ಒಂದೇ ಮಾತು ಕಣಮ್ಮ."

ಲತಾಮಣಿ ಫೋನನ್ನು ಕಿವಿಗಿಟ್ಟುಕೊಂಡಳು. ಅದು ರಿಂಗಾಗುತ್ತಿತ್ತು. ನಡುಮನೆಯಲ್ಲಿ ಅನಂತರಾಜು ತಮ್ಮನಿಗೆ ಫೋನ್ ಮಾಡಿ, "ಏನೂ ಇಲ್ಲ ಕಣ್ಲಾ, ಎಲ್ಲ ಸರಿಯಾಯ್ತು. ನಿಮ್ಮತ್ತಿಗೆ ಸರಿ ಮಾಡುದ್ಲು," ಎನ್ನುತ್ತಿದ್ದ. ಅವನ ದನಿಯಲ್ಲಿ ಹೆಮ್ಮೆ ಇತ್ತು. ಅಂಥ ದನಿಯಲ್ಲಿ ಅವನು ಅವಳ ಬಗ್ಗೆ ಮಾತಾಡಿದ್ದನ್ನು ಅವಳು ಹಿಂದೆ ಕೇಳಿರಲಿಲ್ಲ. ಮಗಳು ಎದುರಿಗೆ ನಿಂತು ಅವಳ ಬಾಯಿಯನ್ನೇ ನೋಡುತ್ತಿದ್ದಳು.

ಆ ಕಡೆ ಗಾಡಿ ನಿಲ್ಲಿಸಿದ ಸದ್ದು ಕೇಳಿಸಿತು.

"ಹೇಳಿ ಅತ್ತೆ," ಎಂದ ಯೋಗಾನಂದ. "ಏನಾದ್ರೂ ಹೇಳ್ಬೇಕಿತ್ತಾ?"

ಲತಾಮಣಿ ಬಾಯಿ ತೆರೆದಳು. ನಡುಮನೆಯ ಕಡೆ ಒಮ್ಮೆ ನೋಡಿದಳು. ಅವನು ಕಾದ, "ಅತ್ತೆ? ಕೇಳಿಸ್ತಿದೆಯಾ?" ಎಂದ.

"ಏನಿಲ್ಲ ಕಣಪ್ಪ," ಎಂದಳು. "ರೋಡಲ್ಲಿ ಲಾರಿ ಜಾಸ್ತಿ. ನಿಧಾನಕ್ಕೆ ಹೋಗು."